ಒಂದು ಕೋಶ ಎರಡಾಗುವ ಹೊತ್ತಿಗೆ

ಹುಟ್ಟಿದ ಮಗುವಿನಲ್ಲಿ ಏನಾದರೊಂದು ಕೊರತೆ ಕಂಡರೆ ಮೊದಲ ಪ್ರಶ್ನೆ ಯಾರಿಗೆ ಎದುರಾಗುತ್ತದೆ ಹೇಳಿ? ತಾಯಿಗೆ. ಗ್ರಹಣದ ಹೊತ್ತು ಹೊರಗೆ ಬಂದಿದ್ದೆಯಾ, ಚಾಕು ಕತ್ತರಿ ಹಿಡಿದಿದ್ದೆಯಾ, ಪಪ್ಪಾಯಿ ತಿಂದಿದ್ದೆಯಾ, ನಿನ್ನ ತವರಿನಲ್ಲಿ ಯಾರಿಗಾದರೂ ಹೀಗಿತ್ತಾ? ಬಾಣಂತಿಯ ಮಂಚದ ಸುತ್ತ ಕುಳಿತು ವಿಚಾರಣೆ ನಡೆಸುತ್ತಾರೆ. ನೋಡಲು ಬಂದವರು ಒಂದು ಮಾತು ಎಸೆದು ಹೋಗುತ್ತಾರೆ, ಆ ಮಾತು ಆಕೆಯ ಎದೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ತಂದೆಯನ್ನು ಯಾರೂ ಏನೂ ಕೇಳುವುದಿಲ್ಲ.

ಸಹೋದರಿಯರೇ, ಈ ಪ್ರಶ್ನೆಗಳಿಗೆ ಉತ್ತರ ಗ್ರಹಣದಲ್ಲೂ ಇಲ್ಲ, ಕತ್ತರಿಯಲ್ಲೂ ಇಲ್ಲ. ಬಹುಪಾಲು ಉತ್ತರ ಇರುವುದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶದೊಳಗೆ. ಅಲ್ಲಿ ಹಗಲಿರುಳು ಒಂದು ನಕಲು ಮಾಡುವ ಕೆಲಸ ನಡೆಯುತ್ತಿರುತ್ತದೆ. ಡಿಎನ್‌ಎ ಎಂಬ ಪದವನ್ನು ನಾವು ಪೊಲೀಸ್ ತನಿಖೆಯ ಸುದ್ದಿಗಳಲ್ಲಿ ಓದಿ ಮುಂದೆ ಹೋಗುತ್ತೇವೆ. ಆದರೆ ಗರ್ಭ ಹೊತ್ತ ಪ್ರತಿಯೊಬ್ಬ ಹೆಣ್ಣಿನ ಒಡಲಲ್ಲಿ ಅದರ ನಕಲು ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಎಷ್ಟೋ ಮನೆಗಳಲ್ಲಿ ಎಷ್ಟೋ ಕಣ್ಣೀರು ತಪ್ಪೀತು.

ಡಿಎನ್‌ಎ ಎಂದರೆ ಒಂದು ಉದ್ದನೆಯ ಬರಹ ಎಂದುಕೊಳ್ಳಿ. ಅದರಲ್ಲಿರುವುದು ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ಕಣ್ಣಿನ ಬಣ್ಣ ಯಾವುದಿರಬೇಕು, ರಕ್ತ ಹೇಗೆ ಹೆಪ್ಪುಗಟ್ಟಬೇಕು ಎಂಬುದೆಲ್ಲ ಈ ನಾಲ್ಕು ಅಕ್ಷರಗಳ ಜೋಡಣೆಯಲ್ಲೇ ಇದೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದೊಂದರಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಒಂದು ಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ, ಹೆಚ್ಚು ಕಡಿಮೆ ನಿಮ್ಮ ದುಪಟ್ಟಾದಷ್ಟು. ಅದು 46 ತುಂಡುಗಳಾಗಿ ಸುತ್ತಿಕೊಂಡು ಕೋಶದ ನಡುವಿನ ಚುಕ್ಕೆಯಂಥ ಜಾಗದಲ್ಲಿ ಕುಳಿತಿದೆ.

ಗರ್ಭ ನಿಂತಾಗ ಇರುವುದು ಒಂದೇ ಒಂದು ಕೋಶ. ಅದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಕೋಶ ಎರಡಾಗುವ ಪ್ರತಿ ಸಲವೂ ಮೊದಲು ಆ 600 ಕೋಟಿ ಅಕ್ಷರಗಳ ಇನ್ನೊಂದು ಪ್ರತಿ ತಯಾರಾಗಬೇಕು. ಇಲ್ಲವಾದರೆ ಹುಟ್ಟುವ ಹೊಸ ಕೋಶಕ್ಕೆ ತಾನು ಏನು ಮಾಡಬೇಕೆಂಬುದೇ ತಿಳಿಯದು.

ಜಿಪ್ ಬಿಚ್ಚಿದಂತೆ

ಈ ನಕಲು ಹೇಗಾಗುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ನಮ್ಮ ಕಡೆಯ ಕೋಗಳಿಯ ಶಾಸನಗಳು ನೆನಪಾಗುತ್ತವೆ. ಕೋಗಳಿ ಇರುವುದು ಈಗಿನ ವಿಜಯನಗರ ಜಿಲ್ಲೆಯಲ್ಲಿ. ಹಿಂದೆ ಕೋಗಳಿ ಐನೂರು ಎಂಬ ನಾಡಿಗೆ ಇದೇ ಮುಖ್ಯ ಊರಾಗಿತ್ತು. ಶಾಸನ ಓದುವ ವಿದ್ವಾಂಸರು ಕಲ್ಲನ್ನು ಹೊತ್ತುಕೊಂಡು ಹೋಗುವುದಿಲ್ಲ. ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನಲ್ಲಿ ಅಕ್ಷರ ತಗ್ಗಾಗಿದ್ದಲ್ಲಿ ಕಾಗದ ಒಳಗಿಳಿಯುತ್ತದೆ, ಅಲ್ಲಿ ಮಸಿ ಹತ್ತುವುದಿಲ್ಲ. ಕರಿಯ ಕಾಗದದ ಮೇಲೆ ಬಿಳಿಯ ಅಕ್ಷರ ಮೂಡುತ್ತದೆ. ಕಲ್ಲನ್ನು ನೋಡಿ ಬರೆದುಕೊಂಡದ್ದಲ್ಲ, ಕಲ್ಲಿನ ಮೈಮೇಲೆಯೇ ತೆಗೆದ ಅಚ್ಚು.

ಡಿಎನ್‌ಎ ಕೂಡ ಹೀಗೆಯೇ. ಅದು ಎರಡು ಎಳೆಗಳ ಹುರಿ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿನ ಎಳೆಯಲ್ಲಿ ಟಿ ಇರಲೇಬೇಕು, ಜಿ ಇದ್ದರೆ ಎದುರಿಗೆ ಸಿ. ಹಾಗಾಗಿ ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಕಟ್ಟಿಬಿಡಬಹುದು. ಈ ಜೋಡಿ ಎಳೆಯ ರಚನೆಯನ್ನು 1953ರಲ್ಲಿ ಪ್ರಕಟಿಸಿದವರು ವಾಟ್ಸನ್ ಮತ್ತು ಕ್ರಿಕ್. ಅವರಿಗೆ ಮುಖ್ಯ ಸುಳಿವು ಕೊಟ್ಟದ್ದು ರೋಸಲಿಂಡ್ ಫ್ರಾಂಕ್ಲಿನ್ ಎಂಬ ಮಹಿಳೆಯ ಪ್ರಯೋಗಾಲಯದಲ್ಲಿ 1952ರಲ್ಲಿ ತೆಗೆದ ಎಕ್ಸ್-ರೇ ಚಿತ್ರ. ಆಕೆ 1958ರಲ್ಲಿ, 37ನೇ ವಯಸ್ಸಿನಲ್ಲಿ ತೀರಿಕೊಂಡರು. ನೊಬೆಲ್ ಬಹುಮಾನ 1962ರಲ್ಲಿ ಗಂಡಸರಿಗೆ ಬಂತು.

ನಕಲು ಶುರುವಾಗುವಾಗ ಒಂದು ಕಿಣ್ವ ಎರಡು ಎಳೆಗಳನ್ನು ಜಿಪ್ ಬಿಚ್ಚಿದಂತೆ ಬೇರೆ ಮಾಡುತ್ತದೆ. ಪಾಲಿಮರೇಸ್ ಎಂಬ ಇನ್ನೊಂದು ಕಿಣ್ವ ಪ್ರತಿ ಎಳೆಯ ಎದುರಿಗೂ ಸರಿಹೊಂದುವ ಅಕ್ಷರಗಳನ್ನು ಒಂದೊಂದಾಗಿ ಕೂರಿಸುತ್ತ ಹೋಗುತ್ತದೆ. ಕೊನೆಗೆ ಎರಡು ಹುರಿಗಳಾಗುತ್ತವೆ. ಎರಡರಲ್ಲೂ ಒಂದು ಎಳೆ ಹಳೆಯದು, ಒಂದು ಹೊಸದು. ಹಳೆಯ ಪುಸ್ತಕ ಒಂದು ಕಡೆ, ಹೊಸ ಪುಸ್ತಕ ಒಂದು ಕಡೆ ಎಂದಲ್ಲ. ಪ್ರತಿ ಹೊಸ ಪ್ರತಿಯಲ್ಲೂ ಅರ್ಧ ಹಳತೇ. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ಇಬ್ಬರು ಯುವಕರು ಬ್ಯಾಕ್ಟೀರಿಯಾಗಳಿಗೆ ತೂಕದ ನೈಟ್ರೋಜನ್ ಉಣಿಸಿ ಇದನ್ನು ತೋರಿಸಿಕೊಟ್ಟರು.

ಮನುಷ್ಯರ ಕೋಶದಲ್ಲಿ ಈ ಕಿಣ್ವ ಸೆಕೆಂಡಿಗೆ ಸುಮಾರು 50 ಅಕ್ಷರ ಕೂರಿಸುತ್ತದೆ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ಒಂದೇ ಕಿಣ್ವ ಬರೆಯುತ್ತ ಹೋದರೆ 600 ಕೋಟಿ ಅಕ್ಷರಕ್ಕೆ ಹತ್ತಿರ ಹತ್ತಿರ 4 ವರ್ಷ ಬೇಕು! ಆದರೆ ಕೆಲಸ ಮುಗಿಯುವುದು ಸುಮಾರು 8 ಗಂಟೆಯಲ್ಲಿ. ವಲೀಮಾದ ಅಡುಗೆಯನ್ನು ಒಂದೇ ಒಲೆಯ ಮೇಲೆ ಮಾಡುತ್ತಾರೆಯೇ? ಹತ್ತು ಕಡೆ ಒಲೆ ಹೂಡಿ ಹತ್ತು ದೇಗ್ ಇಡುತ್ತಾರೆ. ಕೋಶವೂ ಹಾಗೆ ಹತ್ತಾರು ಸಾವಿರ ಜಾಗಗಳಲ್ಲಿ ಕೆಲಸ ಹಚ್ಚುತ್ತದೆ.

ಇಲ್ಲೊಂದು ತೊಡಕಿದೆ. ಪಾಲಿಮರೇಸ್ ಒಂದೇ ದಿಕ್ಕಿನಲ್ಲಿ ಬರೆಯಬಲ್ಲದು. ಆದರೆ ಎರಡು ಎಳೆಗಳು ಇರುವುದು ಒಂದಕ್ಕೊಂದು ವಿರುದ್ಧ ದಿಕ್ಕಿಗೆ. ಹಾಗಾದರೆ ಇನ್ನೊಂದು ಎಳೆಯ ಗತಿ ಏನು? ಕೈಹೊಲಿಗೆ ಬಲ್ಲ ನಿಮಗೆ ಇದು ಬೇಗ ಅರ್ಥವಾದೀತು. ಬಖಿಯಾ ಹಾಕುವಾಗ ಸೂಜಿ ಮುಂದೆ ಹೋಗುತ್ತದೆ, ಮತ್ತೆ ಹಿಂದಕ್ಕೆ ಬಂದು ಚುಚ್ಚುತ್ತದೆ. ಆದರೂ ಹೊಲಿಗೆ ಒಟ್ಟಾರೆ ಮುಂದಕ್ಕೇ ಸಾಗುತ್ತದಲ್ಲವೇ? ಎರಡನೆಯ ಎಳೆಯನ್ನು ಹೀಗೆಯೇ ಚಿಕ್ಕ ಚಿಕ್ಕ ತುಂಡುಗಳಾಗಿ ಹಿಮ್ಮುಖವಾಗಿ ಬರೆದು, ಆಮೇಲೆ ಲೈಗೇಸ್ ಎಂಬ ಕಿಣ್ವದಿಂದ ಬೆಸೆಯಲಾಗುತ್ತದೆ.

ಇದನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ನಗೋಯಾದ ಗಂಡ ಹೆಂಡತಿ, ರೇಜಿ ಒಕಾಝಾಕಿ ಮತ್ತು ತ್ಸುನೆಕೊ ಒಕಾಝಾಕಿ. ರೇಜಿ ಹಿರೋಶಿಮಾದವರು. ಅಲ್ಲಿ ಬಿದ್ದ ಅಣುಬಾಂಬಿನ ವಿಕಿರಣಕ್ಕೆ ಚಿಕ್ಕಂದಿನಲ್ಲೇ ಸಿಕ್ಕಿದ್ದ ಅವರು 1975ರಲ್ಲಿ ರಕ್ತದ ಕ್ಯಾನ್ಸರ್‌ನಿಂದ, 44ನೇ ವಯಸ್ಸಿನಲ್ಲಿ ತೀರಿಕೊಂಡರು. ತ್ಸುನೆಕೊ ಮಕ್ಕಳನ್ನೂ ಸಾಕಿದರು, ಸಂಶೋಧನೆಯನ್ನೂ ಬಿಡಲಿಲ್ಲ. ಆ ತುಂಡುಗಳ ಆರಂಭ ಹೇಗಾಗುತ್ತದೆ ಎಂಬ ಉಳಿದ ಪ್ರಶ್ನೆಗೆ ಉತ್ತರ ಹುಡುಕಿದರು. ಇಂದು ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲೂ ಅವಕ್ಕೆ ಒಕಾಝಾಕಿ ತುಂಡುಗಳು ಎಂದೇ ಹೆಸರು. ಓದುವಾಗ ಅದು ಗಂಡನೊಬ್ಬನ ಹೆಸರೆಂದು ತಿಳಿಯಬೇಡಿ.

ಮುಂಬಯಿಯ ಗಿರಣಿ ಹೆಂಗಸರು

ನಕಲು ಮಾಡಲು ಸಾಮಾನು ಬೇಕು. ಅಕ್ಷರಗಳು ಗಾಳಿಯಲ್ಲಿ ಹುಟ್ಟುವುದಿಲ್ಲ. ಮುಖ್ಯವಾಗಿ ಟಿ ಎಂಬ ಅಕ್ಷರ ತಯಾರಾಗಲು ಫೋಲೇಟ್ ಎಂಬ ಜೀವಸತ್ವ ಬೇಕೇ ಬೇಕು. ಅದು ಸಿಗದಿದ್ದರೆ ನಕಲು ನಡುದಾರಿಯಲ್ಲಿ ತಡವರಿಸುತ್ತದೆ. ಮೊದಲ ಪೆಟ್ಟು ಬೀಳುವುದು ಎಲ್ಲಿ ಅತಿ ವೇಗವಾಗಿ ಕೋಶಗಳು ಹುಟ್ಟುತ್ತವೆಯೋ ಅಲ್ಲಿ. ಮೂಳೆಯ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಫೋಲೇಟ್ ಇಲ್ಲದಾಗ ಕೋಶ ಊದುತ್ತದೆ, ಎರಡಾಗಲು ಮಾತ್ರ ಆಗುವುದಿಲ್ಲ. ರಕ್ತದಲ್ಲಿ ದೊಡ್ಡ ದೊಡ್ಡ, ಆದರೆ ಕೆಲವೇ ಕಣಗಳು. ಹೆಣ್ಣು ಬಿಳಿಚಿಕೊಳ್ಳುತ್ತಾಳೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾಳೆ.

ಇದು ಜಗತ್ತಿಗೆ ತಿಳಿದದ್ದು ನಮ್ಮಂಥ ಹೆಂಗಸರಿಂದಲೇ ಎಂಬುದು ನಿಮಗೆ ಗೊತ್ತೇ? 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಕೆಲಸಗಾರ್ತಿಯರಲ್ಲಿ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ವಿಲ್ಸ್ ಯಾವ ವರ್ಗದವರು ಏನು ಉಣ್ಣುತ್ತಾರೆ ಎಂದು ವಿಚಾರಿಸುತ್ತ ಹೋದರು. ಅತಿ ಕೆಟ್ಟ ಊಟ, ಅತಿ ಹೆಚ್ಚು ರಕ್ತಹೀನತೆ ಎರಡೂ ಕಂಡದ್ದು ಬಡ ಮುಸ್ಲಿಮ್ ಹೆಂಗಸರಲ್ಲಿ. ಸೊಪ್ಪು ಹಣ್ಣು ಅವರ ತಟ್ಟೆಗೆ ಬರುತ್ತಲೇ ಇರಲಿಲ್ಲ. ಕೊನೆಗೆ ಆಕೆ ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯದಂಥ ಪದಾರ್ಥ ತಿನ್ನಿಸಿದಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದರು. ಅದರೊಳಗಿದ್ದ ವಸ್ತು ಯಾವುದೆಂದು ಆಗ ತಿಳಿಯದೆ ವಿಲ್ಸ್ ಅಂಶ ಎಂದು ಕರೆದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ಲ್ಯಾಟಿನ್ ಭಾಷೆಯ 'ಎಲೆ' ಎಂಬ ಪದದಿಂದ ಅದಕ್ಕೆ ಫೋಲಿಕ್ ಆಸಿಡ್ ಎಂಬ ಹೆಸರು ಬಂತು.

ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಡುವ ಮಾತ್ರೆ ಇದೇ. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್, ನಾಲ್ಕನೆಯ ತಿಂಗಳಿನಿಂದ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಎರಡೂ ಇರುವ ಕೆಂಪು ಮಾತ್ರೆ, ದಿನಕ್ಕೊಂದರಂತೆ 180 ದಿನ. ಹೆರಿಗೆಯ ನಂತರವೂ ಅಷ್ಟೇ ದಿನ. ಕಬ್ಬಿಣವೂ ರಕ್ತಕ್ಕೆ ಮಾತ್ರ ಎಂದು ತಿಳಿಯಬೇಡಿ, ಡಿಎನ್‌ಎ ಅಕ್ಷರಗಳನ್ನು ತಯಾರಿಸುವ ಒಂದು ಮುಖ್ಯ ಕಿಣ್ವ ಕಬ್ಬಿಣವಿಲ್ಲದೆ ನಡೆಯದು. ಆದರೆ ಎಷ್ಟು ಮನೆಗಳಲ್ಲಿ ಆ ಮಾತ್ರೆಯ ಪಟ್ಟಿ ಹಾಗೇ ಗೂಡಿನಲ್ಲಿ ಕುಳಿತಿರುತ್ತದೆ! ಮಗು ಕಪ್ಪಗೆ ಹುಟ್ಟುತ್ತದೆ ಎಂದು ಒಬ್ಬರು, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಇನ್ನೊಬ್ಬರು. ಎರಡೂ ಸುಳ್ಳು. ಮಲ ಕಪ್ಪಾಗುವುದು ನಿಜ, ಅದಕ್ಕೆ ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ. ನಿಂಬೆಹಣ್ಣಿನ ಪಾನಕದೊಂದಿಗೆ ಒಳ್ಳೆಯದು, ಚಹಾದೊಂದಿಗೆ ಬೇಡವೇ ಬೇಡ. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಒಂದು ಸಂಗತಿಯನ್ನು ಮದುವೆಯಾದ ಹೆಣ್ಣುಮಕ್ಕಳು ಗಮನವಿಟ್ಟು ಓದಬೇಕು. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ತಿಳಿದಿರುವುದಿಲ್ಲ. ಕೊಳವೆ ಮುಚ್ಚದಿದ್ದರೆ ಬೆನ್ನಿನ ಮೇಲೆ ಗಂಟು ಹೊತ್ತು ಮಗು ಹುಟ್ಟುತ್ತದೆ. ಒಮ್ಮೆ ಅಂಥ ಮಗು ಹೆತ್ತ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಸಿಡ್ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ತೊಂದರೆ ನೂರಕ್ಕೆ 72ರಷ್ಟು ತಪ್ಪಿತ್ತು. ಆದ್ದರಿಂದ ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರನ್ನು ಕೇಳಿ ಮಾತ್ರೆ ಶುರು ಮಾಡಬೇಕು. ಊಟದಲ್ಲಿ ಮೆಂತ್ಯ, ಪಾಲಕ್, ರಾಜಗಿರಿ ಸೊಪ್ಪು, ಹೆಸರುಕಾಳು, ಕಡಲೆ, ನಮ್ಮ ಕಡೆ ಧಾರಾಳವಾಗಿ ಬೆಳೆಯುವ ಶೇಂಗಾ ಇರಲಿ. ಸೊಪ್ಪನ್ನು ಗಂಟೆಗಟ್ಟಲೆ ಕುದಿಸಿ ನೀರು ಬಸಿದುಬಿಟ್ಟರೆ ಫೋಲೇಟ್ ನೀರಿನೊಂದಿಗೆ ಹೋಗುತ್ತದೆ.

ಲುಕ್ಮಾ ಕೊಡುವವರು

600 ಕೋಟಿ ಅಕ್ಷರ ಬರೆಯುವಾಗ ತಪ್ಪಾಗುವುದಿಲ್ಲವೇ? ಆಗುತ್ತದೆ. ಅಕ್ಷರ ಕೂರಿಸುವಾಗ ಸುಮಾರು ಒಂದು ಲಕ್ಷಕ್ಕೊಂದರಂತೆ ತಪ್ಪು ಬೀಳುತ್ತದೆ. ಹಾಗೇ ಬಿಟ್ಟರೆ ಒಂದು ಕೋಶ ಎರಡಾಗುವಾಗ 60,000 ತಪ್ಪುಗಳು!

ತರಾವೀಹ್ ನಮಾಝಿನಲ್ಲಿ ಹಾಫಿಝರು ಓದುವಾಗ ನಾಲಿಗೆ ಎಡವಿದರೆ ಏನಾಗುತ್ತದೆ ನೋಡಿ. ಬಹಳ ಸಲ ಅವರಿಗೇ ತಿಳಿದು, ಹಿಂದೆ ಸರಿದು ಮತ್ತೆ ಸರಿಯಾಗಿ ಓದುತ್ತಾರೆ. ಅವರಿಗೆ ತಿಳಿಯದಿದ್ದರೆ ಹಿಂದೆ ನಿಂತ ಇನ್ನೊಬ್ಬ ಹಾಫಿಝರು ಲುಕ್ಮಾ ಕೊಡುತ್ತಾರೆ. ಕೋಶದಲ್ಲಿ ಈ ಎರಡೂ ಏರ್ಪಾಡುಗಳಿವೆ. ತಪ್ಪು ಅಕ್ಷರ ಕೂತ ಕೂಡಲೇ ಪಾಲಿಮರೇಸ್ ತಾನೇ ಒಂದು ಹೆಜ್ಜೆ ಹಿಂದೆ ಸರಿದು ಅದನ್ನು ಕಿತ್ತು ಬೇರೆ ಕೂರಿಸುತ್ತದೆ. ಅದರ ಕಣ್ಣು ತಪ್ಪಿದ್ದನ್ನು ಹಿಂದಿನಿಂದ ಬರುವ ಬೇರೊಂದು ತಂಡ ಹಿಡಿಯುತ್ತದೆ, ತಪ್ಪಿದ ಭಾಗವನ್ನು ಕತ್ತರಿಸಿ ಮತ್ತೆ ಬರೆಸುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿಯುವುದು ಸುಮಾರು 100 ಕೋಟಿ ಅಕ್ಷರಕ್ಕೆ ಒಂದು ತಪ್ಪು, ಅಥವಾ ಅದಕ್ಕಿಂತ ಕಡಿಮೆ.

ಡಿಎನ್‌ಎ ದುರಸ್ತಿಯ ಕೆಲಸಕ್ಕಾಗಿ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಒಬ್ಬರು ತುರ್ಕಿಯ ಅಝೀಝ್ ಸಂಜಾರ್. ಬಿಸಿಲಿನ ಕಿರಣಗಳಿಂದ ಕೆಟ್ಟ ಡಿಎನ್‌ಎಯನ್ನು ಕೋಶ ಹೇಗೆ ಸರಿಪಡಿಸುತ್ತದೆ ಎಂದು ತೋರಿಸಿದವರು ಅವರು. ಸವೂರ್ ಎಂಬ ಸಣ್ಣ ಊರಿನಲ್ಲಿ, ಓದು ಬರಹವಿಲ್ಲದ ತಂದೆ ತಾಯಿಗೆ ಎಂಟು ಮಕ್ಕಳಲ್ಲಿ ಏಳನೆಯವರಾಗಿ ಹುಟ್ಟಿದರು. ಆ ತಂದೆ ತಾಯಿ ಮಕ್ಕಳ ಓದಿನ ವಿಷಯದಲ್ಲಿ ಮಾತ್ರ ಬಹಳ ಪಟ್ಟು ಹಿಡಿದವರು.

ಎಲೆಯಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವವರಿಗೂ ಇಲ್ಲೊಂದು ಮಾತು ಹೇಳಿಬಿಡಬೇಕು. ತಂಬಾಕಿನ ವಿಷ ನೇರವಾಗಿ ಡಿಎನ್‌ಎ ಅಕ್ಷರಗಳಿಗೆ ಅಂಟಿಕೊಳ್ಳುತ್ತದೆ. ಅಂಟಿದ ಅಕ್ಷರವನ್ನು ಪಾಲಿಮರೇಸ್ ತಪ್ಪಾಗಿ ಓದುತ್ತದೆ. ಕೆನ್ನೆಯೊಳಗಿನ ಹುಣ್ಣು ವಾಸಿಯಾಗದೆ ಉಳಿಯುವುದರ ಹಿಂದೆ ಅನೇಕ ಸಲ ಇದೇ ಕಥೆ ಇರುತ್ತದೆ.

ತಪ್ಪು ಯಾರದು?

ಕೊನೆಗೂ ಉಳಿದುಹೋಗುವ ಆ ಒಂದೆರಡು ತಪ್ಪುಗಳು ಎಲ್ಲಿ ಆಗುತ್ತವೆ? ಮಂಚದ ಸುತ್ತ ಕುಳಿತವರು ತಿಳಿಯಬೇಕಾದದ್ದು ಇದನ್ನೇ.

ಹೆಣ್ಣಿನ ಅಂಡಾಣುಗಳಲ್ಲಿ ಡಿಎನ್‌ಎ ನಕಲಾಗುವ ಕೆಲಸ ಆಕೆ ಹುಟ್ಟುವ ಮೊದಲೇ ಮುಗಿದಿರುತ್ತದೆ. ಹೌದು, ನಿಮ್ಮ ಅಂಡಾಣುಗಳ ಬರಹ ನಿಮ್ಮ ಅಮ್ಮಿಯ ಗರ್ಭದಲ್ಲಿ ನೀವಿದ್ದಾಗಲೇ ಮುಗಿದಿತ್ತು. ಗಂಡಸಿನಲ್ಲಿ ಹಾಗಲ್ಲ. ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳು ಪ್ರಾಯ ಬಂದಾಗಿನಿಂದ ವರ್ಷಕ್ಕೆ ಸುಮಾರು 23 ಬಾರಿ ಎರಡಾಗುತ್ತಲೇ ಇರುತ್ತವೆ. ಪ್ರತಿ ಸಲವೂ ಹೊಸ ನಕಲು, ಪ್ರತಿ ಸಲವೂ ತಪ್ಪಿಗೆ ಅವಕಾಶ. ಐಸ್‌ಲ್ಯಾಂಡ್ ದೇಶದ ಕುಟುಂಬಗಳ ಡಿಎನ್‌ಎಯನ್ನು ಅಕ್ಷರಕ್ಕೆ ಅಕ್ಷರ ಓದಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಮಗುವಿಗೆ ತಾಯಿಯಿಂದ ಬರುವ ಹೊಸ ತಪ್ಪುಗಳು ಸುಮಾರು 15. 20 ವರ್ಷದ ತಂದೆಯಿಂದ ಸುಮಾರು 25, 40 ವರ್ಷದ ತಂದೆಯಿಂದ ಸುಮಾರು 65. ಇವುಗಳಲ್ಲಿ ಬಹುತೇಕ ಎಲ್ಲವೂ ನಿರುಪದ್ರವಿ. ಯಾವುದೋ ಒಂದು ಮುಖ್ಯ ಜಾಗದಲ್ಲಿ ಬಿದ್ದರೆ ಮಾತ್ರ ತೊಂದರೆ. ಡೌನ್ ಸಿಂಡ್ರೋಮ್ ತಾಯಿಯ ವಯಸ್ಸು ಹೆಚ್ಚಾದಂತೆ ಹೆಚ್ಚುತ್ತದೆ, ನಿಜ. ಆದರೆ ಅದು ನಕಲಿನ ತಪ್ಪಲ್ಲ, ಆ 46 ತುಂಡುಗಳನ್ನು ಹಂಚುವಾಗ ಆಗುವ ತಪ್ಪು. ಅದೂ ಯಾರೂ ಬೇಕೆಂದು ಮಾಡಿದ್ದಲ್ಲ.

ಒಂದು ಅಕ್ಷರದ ತಪ್ಪಿನಿಂದ ಎಷ್ಟು ಅನಾಹುತವಾಗಬಹುದು? ವಾಕ್ಯದ ನಡುವೆ ಯಾರೋ ಪೂರ್ಣವಿರಾಮ ಇಟ್ಟಂತೆ ಆಗಬಹುದು. ಮುಂದಿನದನ್ನು ಕೋಶ ಓದುವುದೇ ಇಲ್ಲ. ಇಂಥ ತಪ್ಪು ಪೂರ್ಣವಿರಾಮಗಳನ್ನೂ, ಅವುಗಳನ್ನು ದಾಟಿಸಬಲ್ಲ ಜೀನ್‌ಗಳನ್ನೂ 1960ರ ದಶಕದ ಆರಂಭದಲ್ಲಿ ಬ್ಯಾಕ್ಟೀರಿಯಾಗಳಲ್ಲಿ ಗುರುತಿಸಿದವರಲ್ಲಿ ಒಬ್ಬರು ಉಬೈದ್ ಸಿದ್ದೀಖಿ. ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿದವರು. ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ, 2006ರಲ್ಲಿ ಪದ್ಮವಿಭೂಷಣ ಪಡೆದು, 2013ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲದಿರುವುದು ವಿಷಾದದ ಸಂಗತಿ.

ಈಗ ನಮ್ಮ ಮನೆಗಳಿಗೆ ಅತಿ ಹತ್ತಿರದ ಒಂದು ಉದಾಹರಣೆ. ಹಿಮೋಫಿಲಿಯಾ ಎಂದರೆ ರಕ್ತ ಹೆಪ್ಪುಗಟ್ಟದ ಕಾಯಿಲೆ. ಅದರ ಮುಖ್ಯ ಬಗೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ನಮ್ಮಲ್ಲಿ ಇದು ಎಷ್ಟೋ ಸಲ ಬೆಳಕಿಗೆ ಬರುವುದು ಖತ್ನಾ, ಅಂದರೆ ನಮ್ಮ ಕಡೆ ಮುಂಜಿ ಎನ್ನುತ್ತೇವಲ್ಲ, ಅದರ ದಿನ. ರಕ್ತ ನಿಲ್ಲುವುದೇ ಇಲ್ಲ. ಸಂಭ್ರಮದ ಮನೆ ಆಸ್ಪತ್ರೆಗೆ ಓಡುತ್ತದೆ. ಸಾವಿರ ವರ್ಷಗಳ ಹಿಂದೆಯೇ ಸ್ಪೇನಿನ ಕುರ್ತುಬಾದ ವೈದ್ಯ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ, ಸಣ್ಣ ಗಾಯದಿಂದಲೂ ರಕ್ತ ಸುರಿದು ಗಂಡಸರು ಸಾಯುತ್ತಿದ್ದ ಜನರ ಬಗ್ಗೆ ಬರೆದಿದ್ದಾರೆ.

ಈ ಕಾಯಿಲೆಯ ಜೀನ್ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಇಷ್ಟು ಕೇಳಿದ್ದೇ ತಡ, ನೋಡಿದಿರಾ ಸೊಸೆಯದೇ ದೋಷ ಎನ್ನುವವರಿದ್ದಾರೆ. ತಾಳಿ. ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದ ಮನೆಗಳಲ್ಲಿ ಹಿಂದೆ ಯಾರಿಗೂ ಅದು ಇರುವುದಿಲ್ಲ. ಅಲ್ಲಿ ಆಗಿರುವುದು ಹೊಸ ತಪ್ಪು. ಅನೇಕ ಸಲ ಆ ತಪ್ಪು ಆಗಿರುವುದು ತಾಯಿಯ ಅಬ್ಬಾನ ವೀರ್ಯಾಣುವಿನಲ್ಲಿ, ಆಕೆ ಹುಟ್ಟುವ ಮೊದಲೇ! ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮನೆತನದಲ್ಲೂ ಹಿಂದೆ ಈ ಕಾಯಿಲೆ ಇರಲಿಲ್ಲ. ಆಕೆ ಹುಟ್ಟಿದಾಗ ತಂದೆಗೆ 51 ವರ್ಷ. ಅವರ ವೀರ್ಯಾಣುವಿನಲ್ಲೇ ನಕಲು ತಪ್ಪಿರಬೇಕೆಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ. ಆಕೆಯ ಮಗ ಲಿಯೋಪೋಲ್ಡ್ 1884ರಲ್ಲಿ, 30ನೇ ವಯಸ್ಸಿನಲ್ಲಿ, ಬಿದ್ದ ಪೆಟ್ಟಿನಿಂದ ಸತ್ತ. ಹೆಣ್ಣುಮಕ್ಕಳ ಮೂಲಕ ಕಾಯಿಲೆ ರಷ್ಯಾದ ಅರಮನೆಯವರೆಗೂ ಹೋಯಿತು.

ಯಾಕೆಂದರೆ, ಒಮ್ಮೆ ತಪ್ಪು ಕಣ್ತಪ್ಪಿ ಉಳಿದುಬಿಟ್ಟರೆ ಮುಂದಿನ ನಕಲುಗಾರನಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ಸರಿಯಾದದ್ದನ್ನು ಎಷ್ಟು ನಿಷ್ಠೆಯಿಂದ ಬರೆಯುತ್ತಾನೋ ಅಷ್ಟೇ ನಿಷ್ಠೆಯಿಂದ ತಪ್ಪನ್ನೂ ಬರೆಯುತ್ತಾನೆ. ಥಲಸ್ಸೇಮಿಯಾ ಹೀಗೆ ತಲೆತಲಾಂತರದಿಂದ ನಕಲಾಗುತ್ತ ಬಂದ ಹಳೆಯ ತಪ್ಪು. ಒಂದೇ ಪ್ರತಿಯಲ್ಲಿದ್ದರೆ ಮನುಷ್ಯ ಆರೋಗ್ಯವಾಗಿರುತ್ತಾನೆ. ತಂದೆ ತಾಯಿ ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಚಾಚಾನ ಮಗ, ಮಾಮೂನ ಮಗಳು ಎಂದು ಸಂಬಂಧದಲ್ಲೇ ಮದುವೆ ಮಾಡುವಾಗ ಇಬ್ಬರಲ್ಲೂ ಒಂದೇ ತಪ್ಪು ಇರುವ ಸಾಧ್ಯತೆ ಹೆಚ್ಚು. ಮದುವೆ ಬೇಡವೆಂದು ನಾನು ಹೇಳುತ್ತಿಲ್ಲ. ಮಾತುಕತೆಗೆ ಮುಂಚೆ ಹುಡುಗ ಹುಡುಗಿ ಇಬ್ಬರದೂ ಒಂದು ರಕ್ತಪರೀಕ್ಷೆ ಆಗಲಿ. ವರದಕ್ಷಿಣೆ ಎಷ್ಟೆಂದು ಕೇಳಲು ನಾಚದವರು ಇದನ್ನು ಕೇಳಲು ನಾಚಬಾರದು.

ಮುಂಜಿಗೆ ದಿನ ಗೊತ್ತು ಮಾಡುವ ಮೊದಲು ಮಗುವಿನ ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟುತ್ತದೆಯೇ, ಚುಚ್ಚುಮದ್ದು ಕೊಟ್ಟ ಜಾಗ ದಪ್ಪಗೆ ಊದಿತ್ತೇ, ತಾಯಿಯ ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇತ್ತೇ ಎಂದು ನೋಡಿಕೊಳ್ಳಿ. ಅನುಮಾನವಿದ್ದರೆ ಮೊದಲು ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಆಮೇಲೆ ಮುಂಜಿ. ಕಾಯಿಲೆ ಇದ್ದರೂ ಮುಂಜಿ ನಿಂತುಹೋಗಬೇಕಾಗಿಲ್ಲ, ಕೊರತೆಯಿರುವ ಫ್ಯಾಕ್ಟರ್ ಕೊಟ್ಟು ಆಸ್ಪತ್ರೆಯಲ್ಲೇ ಮಾಡಬಹುದು. ಕೋಗಳಿ, ಕೊಟ್ಟೂರು, ಹರಪನಹಳ್ಳಿ ಕಡೆಯವರಿಗೆ ದಾವಣಗೆರೆ ದೂರವಲ್ಲ. ಅಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇದ್ದುಕೊಂಡೇ ವೈದ್ಯರಾದವರು. ಹೋಗುವಾಗ ಮಗುವಿನ ಜೊತೆಗೆ ತಾಯಿಯೂ, ತಾಯಿಯ ಅಕ್ಕ ತಂಗಿಯರೂ ಹೋಗಲಿ. ಆ ತಪ್ಪು ಅವರಲ್ಲಿಯೂ ಇದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು, ಮುಂದಿನ ಹೆರಿಗೆಗೆ ವೈದ್ಯರು ಮೊದಲೇ ಸಿದ್ಧರಾಗಿರಬಹುದು.